ಶೂನ್ಯ ಗಣಕ್ಕೊಂದು ಉದಾಹರಣೆ

ಪ್ರಶ್ನೆಪತ್ರಿಕೆಯ ಮೊದಲ ಪುಟದಲ್ಲೇ ಆ ಒಂದು ಅಂಕದ ಪ್ರಶ್ನೆ ಇತ್ತು: ‘ಶೂನ್ಯ ಗಣಕ್ಕೆ ಒಂದು ಉದಾಹರಣೆ ಕೊಡಿ.’ ಪೂರಕ ಪರೀಕ್ಷೆಯ ಮೇಲ್ವಿಚಾರಕಿಯಾಗಿ ಜೇವರ್ಗಿಯಿಂದ ಅಫಜಲಪುರಕ್ಕೆ ಬಂದಿದ್ದೆ. ನೌಕರಿಯ ಮೊದಲ ವರ್ಷ ನಾನು ಪಾಠ ಹೇಳಿದ ಅದೇ ಹೈಸ್ಕೂಲು, ಅದೇ ಉದ್ದನೆಯ ಕೋಣೆ. ಹೊರಗೆ ಮಳೆ ಆಗಷ್ಟೇ ನಿಂತಿತ್ತು. ಸೆಕೆಯೆಂದು ಒಬ್ಬ ಹುಡುಗಿ ಕಿಟಕಿ ತೆರೆದಳು. ಭೀಮೆಯ ಕಡೆಯಿಂದ ಬಂದ ಗಾಳಿಯಲ್ಲಿ ಹೊಸ ನೀರಿನ ವಾಸನೆ ಇತ್ತು. ಮೇಲಿನ ಸೀಮೆಯ ಮಣ್ಣು, ಕೊಳೆತ ಜಾಲಿಮುಳ್ಳು, ತೊಯ್ದ ಸೆಗಣಿ ಎಲ್ಲ ಕಲಸಿದ ವಾಸನೆ ಅದು. ಹೊಳೆ ಬಂದಿದೆ ಎಂದು ದಂಡೆಯ ಊರಿನವರಿಗೆ ಯಾರೂ ಹೇಳಬೇಕಿಲ್ಲ, ಮೂಗೇ ಹೇಳುತ್ತದೆ. ಕುರ್ಚಿ ಎಳೆದುಕೊಂಡು ಕುಳಿತೆ.

ಹದಿನೈದು ವರ್ಷದ ಹಿಂದೆ, ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ಈ ‘ಗಣ’ವೆಂಬುದು ನಮ್ಮ ಗಣಿತದ ಪುಸ್ತಕಕ್ಕೆ ಹೊಸದಾಗಿ ಬಂದಿತ್ತು. ಬಡ್ಡಿ, ತ್ರಿಭುಜ, ಕಾಲ-ಕೆಲಸ ಕಲಿಸಿಕೊಂಡು ಸುಖವಾಗಿದ್ದ ಮಾಸ್ತರರಿಗೆ ಅದು ಕರೆಯದೆ ಬಂದ ಬೀಗರಿದ್ದಂತೆ. ಯಾವುದೇ ವಸ್ತುಗಳನ್ನು ಒಂದಾಗಿ ಹಿಡಿದರೆ ಗಣ. ಒಳಗೆ ಏನೂ ಇಲ್ಲದಿದ್ದರೆ ಅದು ಶೂನ್ಯ ಗಣ. ಪುಸ್ತಕ ಇಷ್ಟು ಹೇಳಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತಿತ್ತು. ಆದರೆ ಬೇಸಿಗೆಯಲ್ಲಿ ಗುಲಬರ್ಗಾದಲ್ಲಿ ನಡೆದ ತರಬೇತಿಯಲ್ಲಿ ಒಬ್ಬ ಪ್ರೊಫೆಸರು ನಮಗೆ ಬೇಡದ ಕಥೆಯನ್ನೂ ಹೇಳಿದ್ದರು. ಇದೇ ಗಣಗಳ ಮೇಲೆ ಇಡೀ ಗಣಿತದ ಮನೆ ಕಟ್ಟಲು ಹೊರಟವರು ಬುನಾದಿಯಲ್ಲೇ ಬಿರುಕು ಕಂಡರಂತೆ. ಯಾವುದನ್ನು ‘ಇದೆ’ ಎನ್ನಬೇಕು, ಹಾಗೆನ್ನಲು ಏನು ಪುರಾವೆ ಬೇಕು ಎಂದು ದೊಡ್ಡ ದೊಡ್ಡ ಪಂಡಿತರು ಕಚ್ಚಾಡಿ, ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟರಂತೆ. ಉಳಿದ ಶಿಕ್ಷಕರು ಇದನ್ನು ಭತ್ಯೆಯ ಜತೆ ಮನೆಗೆ ಒಯ್ದು ಮರೆತರು. ನಮ್ಮ ಶಾಲೆಯ ಇಬ್ಬರು ಮರೆಯಲಿಲ್ಲ.

ಒಬ್ಬರು ಶಾಂತವೀರಪ್ಪ ಮಾಸ್ತರರು. ಹಣೆ ತುಂಬ ವಿಭೂತಿ, ಇಸ್ತ್ರಿ ಕಾಣದ ಬಿಳಿ ಅಂಗಿ, ಹೆಂಡತಿ ತೀರಿದ ಮೇಲೆ ಇನ್ನಷ್ಟು ಗಟ್ಟಿಯಾದ ದನಿ. ಅವರ ಮನೆಯ ಪಡಸಾಲೆಗೆ ಹೊಂದಿದ ಕೋಣೆಯಲ್ಲೇ ನಾನು ಬಾಡಿಗೆಗಿದ್ದೆ. ಇನ್ನೊಬ್ಬರು ರಹೀಮಸಾಬ್ ಸರ್. ನಿಜಾಮನ ಕಾಲದಲ್ಲಿ ಹೈದರಾಬಾದಿಗೆ ಹೋಗಿ ಉರ್ದುವಿನಲ್ಲೇ ಗಣಿತ ಓದಿದವರು, ಗೊಬ್ಬೂರಿನಿಂದ ದಿನಾ ಬಸ್ಸಿಗೆ ಬರುವವರು. ಬಸ್ಸಿಳಿದು ಶಾಲೆ ಮುಟ್ಟುವಷ್ಟರಲ್ಲಿ ಅವರು ಹೊಸ ವಾದವೊಂದನ್ನು ಸಾಣೆ ಹಿಡಿದಿರುತ್ತಿದ್ದರು.

“ಚೀಲ ತೋರ್ಸ್ರಿ ರಹೀಮಸಾಬ್, ಖಾಲಿ ಅದ ಅಂದ್ರ ಒಪ್ಪತೇನಿ. ಇಲ್ಲಿ ಕಾಳೂ ಇಲ್ಲ, ಚೀಲನೂ ಇಲ್ಲ. ಮತ್ತ ಇದು ಎಂಥಾ ಗಣ?” ಎಂದು ಮಾಸ್ತರರು ಶುರು ಮಾಡುತ್ತಿದ್ದರು.

“ಕಾಳಿಲ್ಲ ಅಂತ ನಿಮಗ ತಿಳೀತಲ್ರಿ? ಆ ತಿಳುವಳಿಕಿನೇ ಚೀಲ.”

“ಹಂಗಾದ್ರ ಒಂದೆರಡು ಚೀಲ ತಿಳುವಳಿಕಿ ನಮ್ಮ ಮನೀಗೂ ಕಳಸ್ರಿ, ಜ್ವಾಳ ತುಂಬಾಕ ಬರ್ತಾವ.”

ನಾವೆಲ್ಲ ನಗುತ್ತಿದ್ದೆವು. ಇದು ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವ ಕೆಲಸ ಎಂದು ಹೆಡ್‌ಮಾಸ್ತರರು ಗೊಣಗುತ್ತಿದ್ದರು. ಆದರೆ ಅವರಿಬ್ಬರಿಗೆ ಅದು ಆಟವಾಗಿರಲಿಲ್ಲ. ಒಂದು, ಎರಡು, ಮೂರು ಎಂದು ಮುಗಿಯದೆ ಹೋಗುವ ಸಂಖ್ಯೆಗಳನ್ನೆಲ್ಲ ಒಂದು ಗಣ ಎನ್ನುವುದಕ್ಕೂ ಮಾಸ್ತರರು ಒಪ್ಪುತ್ತಿರಲಿಲ್ಲ. “ಎಣಿಸ್ಕೋತ ಹೋಗ್ರಿ, ಯಾರು ಬ್ಯಾಡಂದಾರ? ಎಣಿಸಿ ಮುಗಿಸೀನಿ, ಗಂಟು ಕಟ್ಟೀನಿ ಅನಬ್ಯಾಡ್ರಿ,” ಎನ್ನುವರು. ನಮಗೆ ಮುಗಿಯದಿದ್ದರೇನು, ಮೇಲಿನವನಿಗೆ ಎಲ್ಲ ಒಮ್ಮೆಗೇ ಕಾಣುತ್ತದೆ ಎಂದು ರಹೀಮಸಾಬರು. “ಅವನ ಲೆಕ್ಕ ಅವನಿಗೆ. ಬೋರ್ಡಿನ ಮುಂದ ನಿಂತಾಗ ನನ್ನ ಕೈಯಾಗ ಇರೋದು ಒಂದು ತುಂಡು ಖಡು,” ಎಂದು ಮಾಸ್ತರರು ಸೀಮೆಸುಣ್ಣ ಎತ್ತಿ ತೋರಿಸುವರು.

ಬಿರುಕಿನ ಕಥೆ ನನಗೆ ಅರ್ಥವಾದದ್ದು ಒಂದು ಮದುವೆಯ ಊಟದಲ್ಲಿ. ಕೈಯಲ್ಲಿ ಹುಗ್ಗಿಯ ಸೌಟು ಹಿಡಿದಿದ್ದ ಬೀಗರ ಹುಡುಗನನ್ನು ತೋರಿಸಿ ರಹೀಮಸಾಬರು, “ಅಕ್ಕೋರೆ, ಇಂವಗ ಒಂದು ಕಾಯ್ದೆ ಮಾಡೋಣು,” ಎಂದರು. ತಾವೇ ಬಡಿಸಿಕೊಳ್ಳದವರಿಗೆಲ್ಲ ಇವನು ಬಡಿಸಬೇಕು, ತಾವೇ ಬಡಿಸಿಕೊಳ್ಳುವವರಿಗೆ ಬಡಿಸಕೂಡದು. “ಈಗ ಇವನ ತಾಟಿಗೆ ಯಾರು ಬಡಿಸಬೇಕು?” ನಾನು ಯೋಚಿಸಿದೆ. ತಾನೇ ಬಡಿಸಿಕೊಂಡರೆ ಕಾಯ್ದೆ ಬೇಡ ಎನ್ನುತ್ತದೆ, ಬಡಿಸಿಕೊಳ್ಳದಿದ್ದರೆ ಬಡಿಸಿಕೋ ಎನ್ನುತ್ತದೆ. ಪಕ್ಕದಲ್ಲಿ ಕುಳಿತಿದ್ದ ಮಾಸ್ತರರು ಹುಗ್ಗಿಗೆ ತುಪ್ಪ ಕಲಸುತ್ತ, “ಅಂಥಾ ಹುಡುಗನೇ ಇಲ್ಲ. ಬಾಯಿಲೆ ಹೇಳಿದ್ದೆಲ್ಲ ಇರತದ ಅಂದ್ಕೊಂಡ್ರ ಹಿಂಗ ಉಪಾಸ ಬೀಳ್ತೀರಿ,” ಎಂದರು.

ಆದರೆ ಅವರ ನಿಜವಾದ ಜಗಳ ಬೇರೆಯೇ ಒಂದು ಸಂಖ್ಯೆಯ ಮೇಲಿತ್ತು. ಆರನ್ನು ಭಾಗಿಸುವ, ಅದಕ್ಕಿಂತ ಸಣ್ಣ ಸಂಖ್ಯೆಗಳಾದ ಒಂದು, ಎರಡು, ಮೂರನ್ನು ಕೂಡಿಸಿದರೆ ಮತ್ತೆ ಆರೇ ಬರುತ್ತದೆ. ಇಪ್ಪತ್ತೆಂಟೂ ಹೀಗೆಯೇ. ಇಂಥ ಬೆಸ ಸಂಖ್ಯೆ ಒಂದಾದರೂ ಇದೆಯೇ ಎಂಬುದು ಯಾರಿಗೂ ಗೊತ್ತಿಲ್ಲ. ಸಿಕ್ಕಿಲ್ಲ, ಸಿಗುವುದೇ ಇಲ್ಲ ಎಂದು ಸಾಧಿಸಲೂ ಆಗಿಲ್ಲ. “ಇರಬೇಕು, ಇಲ್ಲಾ ಇರಬಾರದು. ಎರಡರಾಗ ಒಂದು. ನಮಗ ಮಾಲೂಮ್ ಇಲ್ಲ ಅಷ್ಟೇ,” ಎಂದು ರಹೀಮಸಾಬರು. “ಎರಡರಾಗ ಒಂದು ಅಂತ ನಿಮಗ ಹೇಳದವರ್ಯಾರು?” ಎಂದು ಮಾಸ್ತರರು ಮೇಜು ಕುಟ್ಟುವರು. “ಅದ ಅಂದ್ರ ತೋರ್ಸ್ರಿ. ಇಲ್ಲಂದ್ರ ಯಾಕಿಲ್ಲಂತ ತೋರ್ಸ್ರಿ. ಎರಡೂ ತೋರ್ಸಾಕ ಆಗಂಗಿಲ್ಲಂದ್ರ ಬಾಯಿ ಮುಚ್ಕೊಂಡು ಕುಂದರ್ರಿ.” ಇಲ್ಲದಿದ್ದರೆ ಹೀಗಾಗಬೇಕಿತ್ತು, ಹಾಗಾಗಿಲ್ಲ, ಆದ್ದರಿಂದ ಇದೆ ಎಂಬ ಸುತ್ತುದಾರಿಯ ಸಾಧನೆಯನ್ನೂ ಮಾಸ್ತರರು ಮುಟ್ಟುತ್ತಿರಲಿಲ್ಲ. ಅದು ರಹೀಮಸಾಬರಿಗೆ ಪ್ರಾಣ. ನಾನು ಹೊಸಬಳು, ಯಾರು ಸರಿ ಎಂದು ಕೇಳಿದರೆ ಇಬ್ಬರೂ ಸರಿ ಎನ್ನುತ್ತಿದ್ದೆ. ಇಬ್ಬರೂ ಒಟ್ಟಿಗೆ ನನ್ನ ಮೇಲೆ ಬೀಳುತ್ತಿದ್ದರು.

ಆ ವರ್ಷ ಮಳೆ ತಡವಾಗಿ ಹಿಡಿಯಿತು, ಹಿಡಿದ ಮೇಲೆ ಬಿಡಲಿಲ್ಲ. ಮಾಸ್ತರರಿಗೆ ಒಬ್ಬನೇ ಮಗ, ಚಂದ್ರಶಾ. ಅಪ್ಪನ ಲೆಕ್ಕ ತಲೆಗೆ ಹತ್ತದೆ ಹೊಳೆಯ ಹಾದಿಯ ಹೊಲ ನೋಡಿಕೊಂಡಿದ್ದ. ಯಡ್ರಾಮಿಯ ಹುಡುಗಿ ಮಹಾದೇವಿಯನ್ನು ಮದುವೆಯಾಗಿ ಒಂದು ವರ್ಷ ತುಂಬಿತ್ತು. ನನಗಿಂತ ಚಿಕ್ಕವಳು, ಕೈತುಂಬ ಹಸಿರು ಬಳೆ, ಮಾತಿಗಿಂತ ನಗು ಹೆಚ್ಚು. ಗಂಡ ಹೊಲದಿಂದ ಬರುವ ಹೊತ್ತಿಗೆ ಏನೋ ನೆಪ ಮಾಡಿ ಬಾಗಿಲಿಗೆ ಬರುತ್ತಿದ್ದಳು. ನಾನು ನೋಡಿದರೆ, “ಬೆಕ್ಕು ಬಂದಿತ್ರಿ ಅಕ್ಕೋರೆ,” ಎನ್ನುತ್ತಿದ್ದಳು. ಆ ಮನೆಯ ಸುತ್ತ ಬೆಕ್ಕೇ ಇರಲಿಲ್ಲ.

ಚಂದ್ರಶಾ ಆಚೆ ದಂಡೆಯ ಹಳ್ಳಿಯಲ್ಲಿ ಎತ್ತು ನೋಡಲು ಹರಿಗೋಲಿನಲ್ಲಿ ಹೋದವನು ಮರಳಿ ಬರುವಾಗ ಹೊಳೆ ಏರಿತು. ಹರಿಗೋಲು ಮಗುಚಿತು. ಕೆಲವರು ಈಜಿ ಬಂದರು, ಕೆಲವರ ಹೆಣ ಕೆಳಗಿನ ಹಳ್ಳಿಗಳಲ್ಲಿ ಸಿಕ್ಕಿತು. ಚಂದ್ರಶಾ ಮಾತ್ರ ಎರಡೂ ಕಡೆ ಇಲ್ಲ. ಮರದ ದಿಮ್ಮಿಯೊಂದನ್ನು ಅಪ್ಪಿಕೊಂಡು ತೇಲುತ್ತಿದ್ದುದನ್ನು ನೋಡಿದೆ ಎಂದು ಬದುಕಿ ಬಂದವನೊಬ್ಬ ಹೇಳಿದ. ಆ ಮಾತೊಂದು ಉಳಿಯಿತು. ಮಾಸ್ತರರು ದಂಡೆಗುಂಟ ಊರೂರು ತಿರುಗಿದರು. ಸೊಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಅವನಂಥವನನ್ನು ಕಂಡೆ ಎಂದು ತೊಗರಿ ವ್ಯಾಪಾರಿಯೊಬ್ಬ ಹೇಳಿದಾಗ ಅಲ್ಲಿಗೂ ಹೋಗಿಬಂದರು. ಬಂದವರು ಕಾಲು ತೊಳೆದುಕೊಂಡು, ಅಂಗಿ ಬದಲಿಸಿ, ಶಾಲೆಗೆ ಹೊರಟರು. ನಮಗೆ ಅವರನ್ನು ನೋಡಲು ಭಯವಾಗುತ್ತಿತ್ತು.

ಮಾನಮಿ ಅಮಾವಾಸ್ಯೆ ಹತ್ತಿರ ಬಂತು. ಸತ್ತ ಹಿರಿಯರಿಗೆಲ್ಲ ಎಡೆ ಹಿಡಿಯುವ ದಿನ ಅದು. ಅಷ್ಟರೊಳಗೆ ಚಂದ್ರಶಾನ ಕ್ರಿಯೆ ಮುಗಿಯಬೇಕೆಂದು ಮಾಸ್ತರರ ಅಣ್ಣ ಮಲ್ಕಪ್ಪನವರು ಹಟ ಹಿಡಿದರು. ಹೆಣ ಸಿಗದಿದ್ದರೂ ಅವನದೊಂದು ಜತೆ ಬಟ್ಟೆ, ವಿಭೂತಿ, ಬಿಲ್ವಪತ್ರೆ ಇಟ್ಟು ಮಣ್ಣು ಮಾಡಬಹುದು ಎಂದು ಕ್ರಿಯೆ ಮಾಡಿಸುವ ಅಯ್ಯನವರೂ ಒಪ್ಪಿದ್ದರು. ತಮ್ಮ ಒಪ್ಪಿಯೇ ಒಪ್ಪುತ್ತಾನೆಂದು ಮಲ್ಕಪ್ಪನವರು ಬೆಳಿಗ್ಗೆಯೇ ಆಳುಗಳನ್ನು ಕಳಿಸಿ ಹೊಲದ ಮೂಲೆಯಲ್ಲಿ ಗುಣಿ ತೋಡಿಸಿಬಿಟ್ಟರು. ಆಗಲೇ ಕೆಲಸ ಕೆಟ್ಟದ್ದು. ತೋಡಿದ ಗುಣಿಯನ್ನು ಖಾಲಿ ಬಿಡಬಾರದು, ಬಿಟ್ಟರೆ ಅದು ಯಾರನ್ನಾದರೂ ಬೇಡುತ್ತದೆ ಎಂಬುದು ನಮ್ಮ ಕಡೆಯ ಹಳೆಯ ನಂಬಿಕೆ.

ಪಡಸಾಲೆಯಲ್ಲಿ ಜನ ಕೂತಿದ್ದರು. ನಾನು ಒಳಬಾಗಿಲ ಹಿಂದೆ ಮಹಾದೇವಿಯ ಜತೆ ನಿಂತಿದ್ದೆ. ಅವಳು ಸೆರಗಿನ ತುದಿಯ ಗಂಟೊಂದನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಆ ದಿನ ಗುಣಿ ಮುಚ್ಚಿದರೆ ಸಂಜೆಗೆ ಅವಳ ಬಳೆ ಒಡೆಯುತ್ತಾರೆ, ತಾಳಿ ತೆಗೆಯುತ್ತಾರೆ. ಮುಚ್ಚದಿದ್ದರೆ ಅವಳು ಮುತ್ತೈದೆಯೋ ವಿಧವೆಯೋ ಎಂದು ಹೇಳುವವರಿಲ್ಲ. ಅವಳನ್ನು ಒಬ್ಬರೂ ಕೇಳಲಿಲ್ಲ. ಕೇಳಬೇಕೆಂದು ಆ ಕಾಲದಲ್ಲಿ ಯಾರಿಗೂ ಹೊಳೆಯುತ್ತಲೂ ಇರಲಿಲ್ಲ.

“ತಮ್ಮಾ, ಇದ್ದಿದ್ರ ಇಷ್ಟೊತ್ತಿಗೆ ಬರ್ತಿದ್ದ,” ಎಂದರು ಮಲ್ಕಪ್ಪನವರು. “ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು? ಬಂದಿಲ್ಲ. ಅಂದ್ರ ಇಲ್ಲ.”

“ತೋರ್ಸಣ್ಣ. ಆಮ್ಯಾಲ ಇಲ್ಲ ಅನ್ನು.”

“ಹೊಳೀ ಒಯ್ದದ್ದು ಎಲ್ಲಿಂದ ತೋರ್ಸಲಿ? ರಹೀಮಸಾಬ್, ನೀವರ ಹೇಳ್ರಿ. ಯಾರ ಮಾತೂ ಕೇಳದಿದ್ರೂ ನಿಮ್ಮ ಮಾತು ಕೇಳ್ತಾನ.”

ರಹೀಮಸಾಬರನ್ನು ಅದಕ್ಕೆಂದೇ ಗೊಬ್ಬೂರಿನಿಂದ ಕರೆಸಿದ್ದರು. ಅವರು ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ಶಾಲೆ ಶುರುವಾದಾಗಿನಿಂದ ಸ್ಟಾಫ್ ರೂಮಿನಲ್ಲಿ ಹೇಳಿದ್ದೇ ಅದು. ಟೋಪಿ ಸರಿಮಾಡಿಕೊಂಡು, “ಮಾಸ್ತರ, ಎರಡರಾಗ ಒಂದು...” ಎಂದು ಶುರು ಮಾಡಿದರು.

ಮಾಸ್ತರರು ಅವರ ಕಡೆ ತಿರುಗಿದರು. “ಹೌದ್ರಿ ರಹೀಮಸಾಬ್. ಎರಡರಾಗ ಒಂದು. ಯಾವುದು? ತೋರ್ಸ್ರಿ.” ಸ್ಟಾಫ್ ರೂಮಿನ ದನಿ ಅದಾಗಿರಲಿಲ್ಲ. ನೀರಲ್ಲಿ ಕಾಲು ಜಾರಿದವನು ಕೈ ಚಾಚುವ ಹಾಗಿತ್ತು. ರಹೀಮಸಾಬರು ನೆಲ ನೋಡುತ್ತ, “ತೋರ್ಸಾಕ ನನ್ನ ಬಲ್ಲಿ ಏನೂ ಇಲ್ರಿ,” ಎಂದು ಎದ್ದುಬಿಟ್ಟರು.

ಗುಣಿ ಹಾಗೆಯೇ ಉಳಿಯಿತು. ಮುಚ್ಚಿಬಿಡಿ ಎಂದು ಊರವರು ಬೇಡಿಕೊಂಡರು. ಮುಚ್ಚಿದರೂ ಒಂದು ತೀರ್ಮಾನ ಹೇಳಿದಂತೆಯೇ ಎಂದು ಮಾಸ್ತರರು ಒಪ್ಪಲಿಲ್ಲ. ಸುತ್ತ ಜಾಲಿಮುಳ್ಳು ಬಡಿಸಿದರು. ಹೊಳೆಯ ಹಾದಿಗೆ ಹೋಗುವ ಹೆಂಗಸರು ಆ ಹೊಲ ಬಂದರೆ ಸೆರಗು ಎಳೆದುಕೊಂಡು ಬಳಸಿ ಹೋಗತೊಡಗಿದರು. ಗಾಳಿ ಬೀಸಿದಾಗ ಅದರೊಳಗಿಂದ ಯಾರೋ ಉಸಿರು ಬಿಟ್ಟ ಹಾಗೆ ಕೇಳುತ್ತದೆ ಎಂದು ದನ ಕಾಯುವವರು ಹೇಳಿದರು. ನಾನು ಗಣಿತದವಳು, ನಂಬಲಿಲ್ಲ. ಆದರೆ ಒಂದು ಮಧ್ಯಾಹ್ನ ಆ ಕಡೆ ಹೋದವಳು ಬೇಲಿಯತನಕ ಹೋಗಲಾರದೆ ತಿರುಗಿ ಬಂದೆ. ಶಾಲೆಯಲ್ಲೂ ವಾದ ನಿಂತುಹೋಯಿತು. ಇಬ್ಬರೂ ಎದುರುಬದುರು ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ಅವರ ನಡುವಿನ ಆ ಮೌನದಲ್ಲಿ ಚಂದ್ರಶಾ ಬಂದು ಕೂತಿದ್ದಾನೆ ಅನಿಸುತ್ತಿತ್ತು ನನಗೆ.

ಮನೆಯಲ್ಲಿ ಮಹಾದೇವಿ ಅಳಲಿಲ್ಲ. ಹೇಗೆ ಅಳುತ್ತಾಳೆ? ಅತ್ತರೆ ಸತ್ತಿದ್ದಾನೆ ಎಂದ ಹಾಗೆ. ನಗಲೂ ಬರುವಂತಿಲ್ಲ. ಅತ್ತ ದರಿ, ಇತ್ತ ಪುಲಿ. ಮಾವನಿಗೆ ರೊಟ್ಟಿ ಬಡಿಯುತ್ತಿದ್ದಳು, ಗಂಡನಿಗೂ ಒಂದು ಬಡಿದು ಬುಟ್ಟಿಯಲ್ಲಿಡುತ್ತಿದ್ದಳು. ಒಂದು ದಿನ ಒಲೆಯ ಮುಂದೆ ಕೂತವಳು ತಿರುಗಿ ನೋಡದೆಯೇ, “ಅಕ್ಕೋರೆ, ನಿಮ್ಮ ಲೆಕ್ಕ ಏನ್ ಹೇಳ್ತದ್ರಿ?” ಎಂದು ಕೇಳಿದಳು.

“ನಮ್ಮ ಲೆಕ್ಕದಾಗ ಇದಕ್ಕ ಉತ್ತರ ಇಲ್ಲವ್ವ,” ಎಂದೆ.

“ಹೌದ್ರಿ,” ಎಂದು ಹೆಂಚಿನ ಮೇಲಿನ ರೊಟ್ಟಿ ಮಗುಚಿದಳು.

ಮರುವರ್ಷ ನನಗೆ ಆಳಂದಕ್ಕೆ ವರ್ಗವಾಯಿತು. ಮದುವೆ, ಮಕ್ಕಳು, ಮತ್ತೆ ಜೇವರ್ಗಿಗೆ ವರ್ಗ, ಹೀಗೆ ಬದುಕು ತನ್ನ ಪಾಡಿಗೆ ಸಾಗಿತು. ಆಳಂದದಲ್ಲಿದ್ದಾಗಲೇ ಒಮ್ಮೆ ರಹೀಮಸಾಬರು ದರ್ಗಾಕ್ಕೆ ಬಂದವರು ನನ್ನನ್ನು ಹುಡುಕಿಕೊಂಡು ಮನೆಗೆ ಬಂದರು. ಬಹಳ ಇಳಿದುಹೋಗಿದ್ದರು. ಶಾಂತವೀರಪ್ಪ ಮಾಸ್ತರರು ತೀರಿಕೊಂಡ ಸುದ್ದಿ ಹೇಳಿದರು. ಗುಣಿ ಬೇಡಿದ್ದನ್ನು ತಗೊಂಡಿತು ಎಂದು ಊರು ಆಡಿಕೊಂಡಿತಂತೆ. ಹೇಗೂ ತೋಡಿದ್ದಿದೆ, ಅದರಲ್ಲೇ ಮಾಸ್ತರರನ್ನು ಕೂರಿಸಿ ಮಣ್ಣು ಮಾಡೋಣ ಎಂದು ಮಲ್ಕಪ್ಪನವರು ಹೊರಟರೆ, ಎಂದೂ ಬಾಯಿ ತೆರೆಯದ ಮಹಾದೇವಿ ಬೇಲಿಗೆ ಅಡ್ಡ ನಿಂತು, “ಅದು ಖಾಲಿ ಇಲ್ಲ,” ಎಂದಳಂತೆ. ಕೊನೆಗೆ ಮಾಸ್ತರರಿಗೆ ಬೇರೆ ಗುಣಿ ತೋಡಿದರಂತೆ.

ಚಹಾ ಮುಟ್ಟದೆ ಕೂತಿದ್ದ ರಹೀಮಸಾಬರು ಆಮೇಲೆ ಹೇಳಿದರು: “ನಾ ಅವತ್ತ ಸೋತಿಲ್ಲವ್ವ. ಗೆಲ್ಲಾಕ ದಿಲ್ ಆಗಲಿಲ್ಲ. ದೋಸ್ತನ ಮಾರಿ ನೋಡಿ ಬಾಯಿ ಕಟ್ತು. ಗೆದ್ದಿದ್ರ ಆ ಹುಡುಗಿ ಒಮ್ಮೆ ಅತ್ತು ಹಗುರ ಆಗ್ತಿತ್ತು. ಈಗ ನಮಾಜಿಗೆ ನಿಂತ್ರೂ ಆಕಿ ಕೈಬಳಿ ಸಪ್ಪಳ ಕೇಳ್ತದ.” ನಾನು ಏನೋ ಸಮಾಧಾನದ ಮಾತು ಆಡಿದೆ. ಮುಂದಿನ ಮಳೆಗಾಲಕ್ಕೆ ಅವರೂ ಇರಲಿಲ್ಲ.

ಪರೀಕ್ಷೆ ಮುಗಿದು ಉತ್ತರಪತ್ರಿಕೆ ಕಟ್ಟುವಾಗ ಕಣ್ಣಾಡಿಸಿದೆ. ‘ಕೋಡಿರುವ ಕುದುರೆಗಳ ಗಣ’ ಎಂದು ಒಬ್ಬ ಬರೆದಿದ್ದ. ಸರಿಯಾದ ಉತ್ತರವೇ. ಕಟ್ಟು ಒಪ್ಪಿಸಿ ಬಸ್ ಸ್ಟ್ಯಾಂಡಿಗೆಂದು ಹೊರಟವಳು ಹೊಳೆಯ ಹಾದಿ ಹಿಡಿದೆ. ಎಳೆಯ ತೊಗರಿ ಮಳೆಗೆ ತೊಯ್ದು ನಿಂತಿತ್ತು. ಎರೆಮಣ್ಣು ಚಪ್ಪಲಿಗೆ ಅಂಟಿ ಅಡಿಗಡಿಗೆ ಕಾಲು ಭಾರವಾಗುತ್ತಿತ್ತು.

ಅವಳು ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಕೂದಲು ಅಲ್ಲಲ್ಲಿ ನೆರೆತಿತ್ತು. ಕೊರಳಲ್ಲಿ ತಾಳಿ, ಕಾಲುಂಗುರ, ಮುಂಗೈ ತುಂಬ ಹಸಿರು ಬಳೆ. ನನ್ನನ್ನು ಗುರುತು ಹಿಡಿದು, “ಬರ್ರಿ ಅಕ್ಕೋರೆ,” ಎಂದು ನಿನ್ನೆ ನೋಡಿದವಳಂತೆ ಕರೆದಳು. ಮೂಲೆಯ ಬೇಲಿಯ ಹತ್ತಿರ ಕರೆದೊಯ್ದಳು. ಬೇಲಿಯ ಮುಳ್ಳು ಹೊಸದಾಗಿತ್ತು. ಗುಣಿಯ ಅಂಚು ಕುಸಿಯದಂತೆ ಕಲ್ಲಿಟ್ಟಿದ್ದಳು. ಒಳಗೆ ಮಳೆಯ ರಾಡಿ ನೀರು ನಿಂತಿತ್ತು.

“ರಹೀಮಸಾಬ್ ಸರ್ ನಿನ್ನ ನೆನಸಿ ಬಹಳ ನೊಂದ್ರು,” ಎಂದೆ. “ಅವರು ಅವತ್ತ ಗಟ್ಟಿಯಾಗಿ ಹೇಳಿದ್ರ ಮುಗೀತಿತ್ತೇನೋ.”

ಅವಳು ಬಗ್ಗಿ, ಜಾರಿದ್ದ ಕಲ್ಲೊಂದನ್ನು ಅಂಚಿಗೆ ಸರಿಸಿಟ್ಟಳು.

“ಅವರ ಬಲ್ಲಿ ಏನೂ ಇರಲಿಲ್ರಿ. ನನ್ನ ಬಲ್ಲಿ ಇತ್ತು.”

“ಏನಿತ್ತು?” ಎಂದೆ.

“ಹೊಳೀ ಇಳಿದ ಮ್ಯಾಲ ಅರಿವಿ ಒಗ್ಯಾಕ ಹೋಗಿದ್ನಿ. ದಂಡೀ ಜಾಲಿಗಿಡದಾಗ ಅವರ ಕರಡಿಗಿ ಸಿಕ್ಕೊಂಡಿತ್ತು. ಶಿವದಾರ ಹರಿದಿತ್ತು.” ಲಿಂಗವಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಭರಣಿ ಅದು. ಜೀವವಿರುವತನಕ ಮೈಯಿಂದ ಇಳಿಸದ ವಸ್ತು. “ಮಾವನೋರೇ ಕಟ್ಟಿದ್ದು. ಸಣ್ಣಂವ ಇದ್ದಾಗ ಬಿದ್ದು ಒಂದು ಕಡಿ ನೆಗ್ಗಿತ್ತು. ಗುರ್ತು ತಪ್ಪಾಕ ಸಾಧ್ಯ ಇಲ್ರಿ. ಅವತ್ತ ಎಲ್ಲಾರೂ ಪಡಸಾಲ್ಯಾಗ ಕುಂತಾಗ ಅದು ನನ್ನ ಸೆರಗಿನ ಗಂಟಿನಾಗ ಇತ್ತು.”

ಆ ಮುಷ್ಟಿ ನನ್ನ ಕಣ್ಣೆದುರು ಬಂತು. ನನ್ನ ಪಕ್ಕದಲ್ಲೇ, ಒಂದು ಗೇಣಿನ ದೂರದಲ್ಲಿ ಇತ್ತು ಅದು.

“ಮತ್ತ ಯಾಕ ತೋರ್ಸಲಿಲ್ಲ ಮಹಾದೇವಿ?”

“ಬಾಗಿಲ ದಾಟೀನಿ ಅಂದ್ರ ಮುಗೀತಿತ್ತು. ಮಾವನೋರ ಮಾರಿ ನೋಡಿದ್ನಿ. ಬಾಯಿಲೆ ತೋರ್ಸ್ರಿ ಅಂತಿದ್ರು. ಕಣ್ಣಿಲೆ ತೋರಿಸಬ್ಯಾಡ್ರಿ ಅಂತಿದ್ರು. ಹೆಂಗ ತೋರ್ಸಲಿ? ಮರುದಿನ ಬೆಳಕ ಹರಿಯೂದ್ರಾಗ ಹುಲ್ಲಿಗೆ ಅಂತ ಬಂದು, ಗುಣಿ ಇಳಿದು, ತಳದಾಗ ಕೈಲೇ ಕೆದರಿ ಇಟ್ಟು ಮಣ್ಣು ಮುಚ್ಚಿದ್ನಿ. ವಿಭೂತಿ ಇರಲಿಲ್ಲ. ಅದೇ ಮಣ್ಣ ಹಚ್ಚಿದ್ನಿ.”

ಊರೆಲ್ಲ ಹೆದರಿ ಬಳಸಿ ನಡೆದ ಖಾಲಿ ಗುಣಿ ತೋಡಿದ ಮರುದಿನದಿಂದಲೇ ಖಾಲಿ ಇರಲಿಲ್ಲ. ಇಬ್ಬರು ಬುದ್ಧಿವಂತರು ಅದರ ಭಾರಕ್ಕೆ ಮಾತು ಬಿಟ್ಟರು, ಆ ಮೌನದಲ್ಲೇ ಸತ್ತರು. ಇವಳೊಬ್ಬಳು ಎಲ್ಲ ಗೊತ್ತಿದ್ದೂ ಮಾವನಿಗಾಗಿ ದಿನಾ ಆ ಇನ್ನೊಂದು ರೊಟ್ಟಿ ಬಡಿದಳು. ನನಗೆ ಅವಳ ಮೇಲೆ ಸಿಟ್ಟು ಬಂತು, ಮರುಗಳಿಗೆಗೆ ಆ ಸಿಟ್ಟಿಗೆ ನಾಚಿಕೆಯಾಯಿತು.

“ಮಾವನೋರು ಹೋದ ಮ್ಯಾಲ ಹೇಳಬಹುದಿತ್ತು,” ಎಂದೆ ಮೆಲ್ಲಗೆ.

“ಯಾರಿಗ್ರಿ? ಇಷ್ಟ ವರ್ಸ ಹೊಟ್ಟ್ಯಾಗ ಇಟ್ಕೊಂಡಿದ್ದಿ ಅಂತ ಊರು ಕಲ್ಲು ಒಗೀತಿತ್ತು.” ಅವಳು ಎರಡೂ ಕೈ ನನ್ನ ಮುಂದೆ ಚಾಚಿದಳು. ಬಳೆಗಳು ಸಣ್ಣಗೆ ಸದ್ದು ಮಾಡಿದವು. “ಇವನ್ನ ನೀವ ತೆಗೀರಿ ಅಕ್ಕೋರೆ. ಬಳಿ ಒಡದ ಮ್ಯಾಲ ಅಳಾಕ ಬಿಡ್ತಾರ. ನಾ ಅವರಿಗೆ ಅಂತ ಒಮ್ಮೆನೂ ಬಾಯಿ ಬಿಟ್ಟು ಅತ್ತಿಲ್ರಿ.”

ಆ ಕೈಗಳನ್ನು ಹಿಡಿದುಕೊಂಡೆ. ಬಳೆ ಮುಟ್ಟಲು ನನಗೆ ಮನಸ್ಸಾಗಲಿಲ್ಲ.

“ಬಳಿ ಇರಲಿ ಬಿಡು. ಅಳವ್ವ,” ಎಂದೆ.

ಅವಳು ಆ ಕೆಸರಲ್ಲೇ ಕುಸಿದು ಕೂತು, ಗುಣಿಯ ಅಂಚಿನ ಕಲ್ಲು ತಬ್ಬಿ, ಗಂಡನ ಹೆಸರು ಹಿಡಿದು ಅತ್ತಳು. ಮದುವೆಯಾದ ಹೆಂಗಸು ಬಾಯಲ್ಲಿ ಆಡದ ಹೆಸರು. ಆ ಅಳು ಹೊಳೆಯ ತನಕ ಕೇಳಿಸಿರಬೇಕು. ನಾನೂ ಪಕ್ಕದಲ್ಲಿ ಕೂತು ಅತ್ತೆ. ಅವನನ್ನಷ್ಟೇ ಅಲ್ಲ, ಶಾಂತವೀರಪ್ಪ ಮಾಸ್ತರರನ್ನೂ, ರಹೀಮಸಾಬರನ್ನೂ ನೆನೆದು ಅತ್ತೆ.

ಪಕ್ಕದ ಹೊಲದ ಬದುವಿನಲ್ಲಿ ಎತ್ತು ಮೇಯಿಸುತ್ತಿದ್ದ ರೈತನೊಬ್ಬ ಎತ್ತು ಬಿಟ್ಟು ಓಡಿಬಂದ. ಈ ಊರಿಗೆ ಹೊಸಬನಿರಬೇಕು. ಬೇಲಿಯಾಚೆ ನಿಂತು ತಲೆಯ ರುಮಾಲು ಕೈಗೆ ತೆಗೆದುಕೊಂಡ.

“ಯಾರು ಹೋದ್ರವ್ವಾ?”

“ಆಕಿ ಗಂಡ,” ಎಂದೆ. “ಚಂದ್ರಶಾ.”

“ಅಯ್ಯೋ ಶಿವನ! ಯಾವಾಗ್ರಿ?”

“ಈಗ,” ಎಂದೆ.